ಆಯ್ಕೆಗಳನ್ನು ಮುಂದಿಟ್ಟ ವಿದ್ವಾಂಸ: ಬೆನಗಲ್ ನರಸಿಂಗ ರಾಯರ ಬದುಕು ಮತ್ತು ಕೆಲಸ

ಮಾನ್ಯ ಅಧ್ಯಕ್ಷರೆ, ಕಾನೂನು ವಿದ್ಯಾರ್ಥಿಗಳೆ, ಸಭಿಕರೆ,

ಬೆನಗಲ್ ನರಸಿಂಗ ರಾಯರ ಹೆಸರು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಕೇಳಿಬರುತ್ತಿದೆ. ಆದರೆ ಅದು ಕೇಳಿಬರುವುದು ಬಹುಪಾಲು ಒಂದು ಜಗಳದ ನಡುವೆ. ಭಾರತದ ಸಂವಿಧಾನವನ್ನು ನಿಜವಾಗಿ ಬರೆದವರು ಯಾರು ಎಂದು ಕೇಳಿ, ಅಂಬೇಡ್ಕರ್ ಅವರ ಎದುರಿಗೆ ರಾಯರನ್ನು ನಿಲ್ಲಿಸುವುದು ಕೆಲವರಿಗೆ ರೂಢಿಯಾಗಿದೆ. ಈ ಪ್ರಶ್ನೆಗೆ ಸ್ವತಃ ಅಂಬೇಡ್ಕರ್ ಅವರೇ 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಉತ್ತರ ಕೊಟ್ಟಿದ್ದಾರೆ. ತಮಗೆ ಸಲ್ಲಿಸುತ್ತಿರುವ ಶ್ರೇಯಸ್ಸು ತಮ್ಮೊಬ್ಬರದಲ್ಲ, ಅದರಲ್ಲಿ ಒಂದು ಪಾಲು ಕರಡು ಸಮಿತಿಯ ಪರಿಶೀಲನೆಗೆಂದು ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಸಂವಿಧಾನ ಸಲಹೆಗಾರ ಸರ್ ಬಿ. ಎನ್. ರಾವ್ ಅವರದು ಎಂದು ಅವರು ಮುಕ್ತವಾಗಿ ಹೇಳಿದರು. ಅದೇ ಭಾಷಣದಲ್ಲಿ ಲೆಕ್ಕವನ್ನೂ ಕೊಟ್ಟರು: ರಾಯರ ಕರಡಿನಲ್ಲಿ 243 ವಿಧಿಗಳು ಮತ್ತು 13 ಅನುಸೂಚಿಗಳಿದ್ದವು, ಕರಡು ಸಮಿತಿಯ ಮೊದಲ ಕರಡಿನಲ್ಲಿ ಅವು 315 ಮತ್ತು 8 ಆದವು, ಕೊನೆಗೆ ಅಂಗೀಕಾರವಾದದ್ದು 395 ವಿಧಿಗಳು, 8 ಅನುಸೂಚಿಗಳು. ಇಷ್ಟು ಸ್ಪಷ್ಟವಾದ ದಾಖಲೆ ಇರುವಾಗ ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುವ ಹವ್ಯಾಸ ನನಗೆ ವ್ಯರ್ಥವೆನಿಸುತ್ತದೆ. ಅದರಿಂದ ಅಂಬೇಡ್ಕರ್ ಅವರಿಗೆ ಅನ್ಯಾಯವಾಗುತ್ತದೆ, ರಾಯರು ಮಾಡಿದ್ದೇನು ಎಂಬುದೂ ಮರೆಯಾಗುತ್ತದೆ.

ಅವರು ಮಾಡಿದ್ದೇನು ಎಂಬುದೇ ಇಂದಿನ ನನ್ನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನರಸಿಂಗ ರಾಯರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿರಲಿಲ್ಲ, ಅಲ್ಲಿ ಅವರಿಗೆ ಮತವಿರಲಿಲ್ಲ, ಸಂವಿಧಾನದ ಪ್ರತಿಯ ಮೇಲೆ ಸದಸ್ಯರು ಹಾಕಿದ ಸಹಿಗಳ ನಡುವೆ ಅವರ ಸಹಿಯೂ ಇಲ್ಲ. ತೀರ್ಮಾನಿಸುವವರ ಮುಂದೆ ಆಯ್ಕೆಗಳನ್ನು, ಅವುಗಳ ಪರಿಣಾಮಗಳೊಂದಿಗೆ, ಒಂದೂ ಬಿಡದಂತೆ ಇಡುವುದೇ ಅವರ ಪಾಂಡಿತ್ಯದ ತಿರುಳಾಗಿತ್ತು. ಅವರ ಸಲಹೆ ಗೆದ್ದ ಕಡೆಗಳಷ್ಟೇ ಸೋತ ಕಡೆಗಳೂ ನಮಗೆ ಪಾಠ ಹೇಳುತ್ತವೆ.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕೆನರಾ ಜಿಲ್ಲೆಯ ಸಾರಸ್ವತ ಕುಟುಂಬದಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ತಮ್ಮಂದಿರಲ್ಲಿ ರಾಮ ರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು; ಶಿವ ರಾಯರು ಪತ್ರಕರ್ತರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ ಹೆಸರು ಮಾಡಿದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್, ಭೌತವಿಜ್ಞಾನ ಮತ್ತು ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ ಪಡೆದು, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿ ಗಣಿತದ ಟ್ರೈಪಾಸ್ ಎಂಬ ಪದವಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯವರ ಪೈಕಿ ಒಂಬತ್ತನೆಯವರು, ಅಂದರೆ ಒಂಬತ್ತನೆಯ ರ‍್ಯಾಂಗ್ಲರ್ ಆದರು. ಜವಾಹರಲಾಲ್ ನೆಹರೂ ಅದೇ ಕಾಲಕ್ಕೆ ಅದೇ ಕಾಲೇಜಿನಲ್ಲಿದ್ದವರು. 1909ರಲ್ಲಿ ಐಸಿಎಸ್ ತೇರ್ಗಡೆಯಾಗಿ, ಮರುವರ್ಷ ಬಂಗಾಳದಲ್ಲಿ ಸೇವೆಗೆ ಸೇರಿದರು. ಅಂದರೆ ದೇಶದ ಅತಿ ದೊಡ್ಡ ಸಂವಿಧಾನ ಪಂಡಿತರಲ್ಲೊಬ್ಬರು ವಿಶ್ವವಿದ್ಯಾಲಯದಲ್ಲಿ ಓದಿ ಮೇಲೆ ಬಂದದ್ದು ಕಾನೂನಿನಿಂದಲ್ಲ, ಗಣಿತದಿಂದ. ಅವರ ಟಿಪ್ಪಣಿಗಳನ್ನು ಓದುವಾಗ, ಒಂದು ಷರತ್ತನ್ನು ಬದಲಿಸಿದರೆ ಉಳಿದದ್ದೆಲ್ಲ ಏನಾಗುತ್ತದೆ ಎಂದು ಹಂತಹಂತವಾಗಿ ತೋರಿಸುವ ಆ ಕ್ರಮದಲ್ಲಿ ಈ ಹಿನ್ನೆಲೆ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದ ಅವರು 1925ರಿಂದ ಸುಮಾರು ಎಂಟು ವರ್ಷ ಅಸ್ಸಾಮಿನಲ್ಲಿ ಪ್ರಾಂತೀಯ ಶಾಸನ ಪರಿಷತ್ತಿನ ಕಾರ್ಯದರ್ಶಿಯೂ ಸರ್ಕಾರದ ಕಾನೂನು ಸಲಹಾಧಿಕಾರಿಯೂ ಆಗಿದ್ದರು. ಒಂದು ಬಡ ಪ್ರಾಂತದ ಪರವಾಗಿ ಕೇಂದ್ರದ ಮುಂದೆ ಹಣಕಾಸಿನ ವಾದ ಹೂಡುವ ಹೊಣೆ ಹೊತ್ತವರಿಗೆ ಒಕ್ಕೂಟ ವ್ಯವಸ್ಥೆಯ ನಿಜವಾದ ಒತ್ತಡಗಳು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತವೆ. ಅಸ್ಸಾಮಿನ ಅಹವಾಲನ್ನು ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದೆ ಮಂಡಿಸಲು ಅವರನ್ನೇ ಕಳುಹಿಸಲಾಯಿತು. ಅಲ್ಲಿಂದ ಬಂದ ಮೇಲೆ ಭಾರತ ಸರ್ಕಾರದ ಸುಧಾರಣಾ ಕಚೇರಿಗೆ ಸೇರಿ, 1935ರ ಭಾರತ ಸರ್ಕಾರ ಕಾಯ್ದೆಗೆ ಸಂಬಂಧಿಸಿದ ಕೆಲಸದಲ್ಲಿ ತೊಡಗಿದರು. ಆ ಕಾಯ್ದೆ ಬಂದ ನಂತರ, ಅದುವರೆಗೆ ಜಾರಿಯಲ್ಲಿದ್ದ ಕೇಂದ್ರ ಮತ್ತು ಪ್ರಾಂತಗಳ ಶಾಸನಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಕೆಲಸವೂ ಅವರ ಪಾಲಿಗೆ ಬಂತು. ನೂರಾರು ಶಾಸನಗಳನ್ನು ಒಂದೊಂದಾಗಿ ತೆರೆದು, ಎಲ್ಲೆಲ್ಲಿ ಅಧಿಕಾರ ಯಾರಿಂದ ಯಾರಿಗೆ ಹೋಗಿದೆ ಎಂದು ಗುರುತಿಸಿ ಮಾತು ಬದಲಿಸುವ ಈ ಬೇಸರದ ದುಡಿಮೆಯೇ ಅವರ ನಿಜವಾದ ಕಾನೂನು ಶಾಲೆ ಎನ್ನಬೇಕು. ನಮ್ಮ ಸಂವಿಧಾನದಲ್ಲಿ 1935ರ ಕಾಯ್ದೆಯ ಛಾಯೆ ಅಷ್ಟು ದಟ್ಟವಾಗಿದೆ ಎಂದು ಆಕ್ಷೇಪಿಸುವವರು, ಮೊದಲ ಕರಡು ಬರೆದವರಿಗೆ ಆ ಕಾಯ್ದೆಯ ಒಳಗುಟ್ಟುಗಳು ಎಷ್ಟು ಪರಿಚಿತವಾಗಿದ್ದವು ಎಂಬುದನ್ನೂ ನೆನೆಯಬೇಕು.

ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದಾಗ 1941ರಲ್ಲಿ ಅವರಿಗೆ ಎರಡು ದೊಡ್ಡ ಕೆಲಸಗಳು ಬಂದವು. ಒಂದು, ಹಿಂದೂ ಕಾನೂನು ಸಮಿತಿ. ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗೆ ಸಂಬಂಧಿಸಿದ 1937ರ ಕಾಯ್ದೆಯ ತೊಡಕುಗಳನ್ನು ಪರಿಶೀಲಿಸುವುದಕ್ಕೆಂದು ನೇಮಕವಾದ ಈ ಸಮಿತಿ, ತುಂಡು ತುಂಡಾಗಿ ತೇಪೆ ಹಚ್ಚುವುದರಿಂದ ಪ್ರಯೋಜನವಿಲ್ಲ, ಇಡೀ ಹಿಂದೂ ಕಾನೂನನ್ನು ಸಂಹಿತೆಯಾಗಿ ರೂಪಿಸಬೇಕು ಎಂದಿತು. 1944ರಲ್ಲಿ ಮತ್ತೆ ರಚನೆಯಾದ ಸಮಿತಿ ಕರಡು ಸಂಹಿತೆಯನ್ನು ಸಿದ್ಧಪಡಿಸಿ, ದೇಶದ ಹಲವೆಡೆ ಸಾಕ್ಷ್ಯ ಪಡೆದು, 1947ರಲ್ಲಿ ವರದಿ ಒಪ್ಪಿಸಿತು. ಏಕಪತ್ನೀತ್ವ, ವಿಚ್ಛೇದನದ ಅವಕಾಶ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು, ಹೆಣ್ಣಿನ ಆಸ್ತಿಯ ಮೇಲೆ ಅವಳಿಗೆ ಪೂರ್ಣ ಒಡೆತನ, ಇವೆಲ್ಲ ಅದರಲ್ಲಿದ್ದವು. ಸಮಿತಿಯಲ್ಲೇ ಭಿನ್ನಮತವಿತ್ತು, ಹೊರಗಂತೂ ವಿರೋಧ ಜೋರಾಗಿತ್ತು. ಅಂಬೇಡ್ಕರ್ ಅವರು ಕಾನೂನು ಮಂತ್ರಿಯಾಗಿ ಹೋರಾಡಿದ ಹಿಂದೂ ಕೋಡ್ ಮಸೂದೆಗೆ ತಳಹದಿಯಾದದ್ದು ಈ ಕರಡು. ಅದು 1955 ಮತ್ತು 1956ರಲ್ಲಿ ನಾಲ್ಕು ಕಾಯ್ದೆಗಳಾಗಿ ಬಂದ ಕಥೆ ನಿಮಗೆ ಗೊತ್ತೇ ಇದೆ. ಇಬ್ಬರನ್ನೂ ಎದುರಾಳಿಗಳಂತೆ ಬಿಂಬಿಸುವವರು ಈ ಒಂದು ಎಳೆಯನ್ನು ಹಿಡಿದು ನೋಡಿದರೂ ಸಾಕು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಎತ್ತಿಕೊಂಡ ಕೆಲಸ ಸಂವಿಧಾನವೊಂದೇ ಅಲ್ಲ.

ಎರಡನೆಯದು ಸಿಂಧೂ ನದಿಯ ವ್ಯಾಜ್ಯ. ಮೇಲ್ದಂಡೆಯ ಪಂಜಾಬ್ ಪ್ರಾಂತ ಭಾಕ್ರಾ ಅಣೆಕಟ್ಟಿನಂಥ ಯೋಜನೆಗಳಿಗೆ ಕೈ ಹಾಕಿದ್ದರಿಂದ ತನ್ನ ಕಾಲುವೆಗಳಿಗೆ ನೀರು ತಪ್ಪುತ್ತದೆ ಎಂದು ಕೆಳದಂಡೆಯ ಸಿಂಧ್ ದೂರು ಕೊಟ್ಟಿತ್ತು. ರಾಯರ ಆಯೋಗ 1942ರಲ್ಲಿ ವರದಿ ಕೊಟ್ಟಿತು. ತನ್ನ ನೆಲದಲ್ಲಿ ಹರಿಯುವ ನೀರನ್ನು ಪೂರ್ತಿ ಬಳಸಿಕೊಳ್ಳುವ ಹಕ್ಕು ತನಗಿದೆ ಎಂಬ ಮೇಲಿನವರ ವಾದವನ್ನೂ, ಹಿಂದಿನಿಂದ ಬರುತ್ತಿದ್ದಷ್ಟೇ ನೀರು ಒಂದಿಷ್ಟೂ ಕಡಿಮೆಯಾಗದೆ ಬರಬೇಕು ಎಂಬ ಕೆಳಗಿನವರ ವಾದವನ್ನೂ ಅದು ಒಪ್ಪಲಿಲ್ಲ. ಒಪ್ಪಂದವೇ ಎಲ್ಲಕ್ಕಿಂತ ಮೇಲು. ಅದು ಆಗದಿದ್ದರೆ ನದಿಯ ಪ್ರಯೋಜನವನ್ನು ಎಲ್ಲ ಪ್ರಾಂತಗಳಿಗೂ ನ್ಯಾಯೋಚಿತವಾಗಿ ಹಂಚಬೇಕು ಎಂದಿತು. ಎರಡೂ ಪ್ರಾಂತಗಳಿಗೆ ವರದಿ ರುಚಿಸಲಿಲ್ಲ, ಆಮೇಲೆ ದೇಶವೇ ಒಡೆಯಿತು. ಆದರೂ ನ್ಯಾಯೋಚಿತ ಹಂಚಿಕೆಯ ಆ ತತ್ತ್ವ ಸ್ವತಂತ್ರ ಭಾರತದ ನದಿ ನ್ಯಾಯಮಂಡಳಿಗಳ ಮುಂದೆ ಮತ್ತೆ ಮತ್ತೆ ಬಂದಿದೆ. ಕೃಷ್ಣಾ, ಕಾವೇರಿಗಳ ವಿಷಯದಲ್ಲಿ ಪತ್ರಿಕೆಗಳನ್ನು ಓದಿ ಬೆಳೆದ ನಮಗೆ ಮೇಲ್ದಂಡೆ, ಕೆಳದಂಡೆಗಳ ವಾದಗಳು ಬಾಯಿಪಾಠವಾಗಿವೆ. ಅವೆರಡನ್ನೂ ಪೂರ್ಣರೂಪದಲ್ಲಿ ತಳ್ಳಿಹಾಕಿದ ಆರಂಭದ ವರದಿಯೊಂದನ್ನು ಬರೆದವರು ಕರಾವಳಿಯ ಒಬ್ಬ ಕನ್ನಡ ನಾಡಿನವರು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ.

1944ರಲ್ಲಿ ಸೇವೆಯಿಂದ ನಿವೃತ್ತರಾದ ಮೇಲೆ ಜಮ್ಮು ಮತ್ತು ಕಾಶ್ಮೀರದ ಪ್ರಧಾನ ಮಂತ್ರಿಯಾಗಿ ಹೋದ ರಾಯರು, ಮಹಾರಾಜ ಹರಿಸಿಂಗರೊಡನೆ ಮೂಲಭೂತ ವಿಷಯಗಳಲ್ಲಿ ಹೊಂದಾಣಿಕೆಯಾಗದೆ 1945ರಲ್ಲಿ ಹೊರಬಂದರು. ಮರುವರ್ಷದ ಜುಲೈನಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ನೇಮಕಗೊಂಡರು. ಇಲ್ಲಿದ್ದಷ್ಟು ಕಾಲವೂ ಅವರು ವೇತನವಿಲ್ಲದೆ, ಗೌರವಾರ್ಥವಾಗಿ ದುಡಿದರು ಎಂಬುದನ್ನು 1949ರ ನವೆಂಬರ್ 26ರಂದು ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು ಕೃತಜ್ಞತೆಯಿಂದ ದಾಖಲಿಸಿದ್ದಾರೆ.

ಸಭೆ ಮೊದಲ ಬಾರಿ ಸೇರಿದ್ದು 1946ರ ಡಿಸೆಂಬರ್ 9ರಂದು. ಅದಕ್ಕೂ ಮೊದಲೇ ರಾಯರ ಮೇಜಿನ ಮೇಲೆ ಕೆಲಸ ಸಾಗಿತ್ತು. ಸೆಪ್ಟೆಂಬರ್‌ನಲ್ಲೇ ಮೂಲಭೂತ ಹಕ್ಕುಗಳ ಬಗ್ಗೆ ಒಂದು ಟಿಪ್ಪಣಿ ಬರೆದು, ನ್ಯಾಯಾಲಯದಲ್ಲಿ ಜಾರಿ ಮಾಡಿಸಿಕೊಳ್ಳಬಹುದಾದ ಹಕ್ಕುಗಳು ಬೇರೆ, ಸರ್ಕಾರ ಗುರಿಯಾಗಿ ಇಟ್ಟುಕೊಳ್ಳಬೇಕಾದ ತತ್ತ್ವಗಳು ಬೇರೆ ಎಂಬ ಭೇದವನ್ನು 1937ರ ಐರ್ಲೆಂಡಿನ ಸಂವಿಧಾನವನ್ನು ಮುಂದಿಟ್ಟುಕೊಂಡು ಮಾಡಿದ್ದರು. ಇಂದಿನ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಮೂರನೆಯ ಭಾಗ ಮತ್ತು ನಿರ್ದೇಶಕ ತತ್ತ್ವಗಳ ನಾಲ್ಕನೆಯ ಭಾಗ ಇವೆರಡರ ನಡುವಿನ ಗೆರೆ ಅದೇ. ಬೇರೆ ಬೇರೆ ದೇಶಗಳ ಸಂವಿಧಾನಗಳಿಂದ ಆಯ್ದ ಪೂರ್ವನಿದರ್ಶನಗಳ ಸಂಪುಟಗಳನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಿಸಿದರು.

ಅವರ ವಿಧಾನವನ್ನು ಹತ್ತಿರದಿಂದ ನೋಡಬೇಕೆಂದರೆ 1947ರ ಮಾರ್ಚ್ 17ರಂದು ಕಳುಹಿಸಿದ ಪ್ರಶ್ನಾವಳಿಯನ್ನು ನೋಡಬೇಕು. ಕೇಂದ್ರ ಮತ್ತು ಪ್ರಾಂತಗಳ ಶಾಸಕರಿಗೆ ಹೋದ ಆ ಪ್ರಶ್ನಾವಳಿ ಒಕ್ಕೂಟದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು, ಹೇಗೆ ಆರಿಸಬೇಕು, ಎಷ್ಟು ಕಾಲಕ್ಕೆ ಆರಿಸಬೇಕು ಎಂದು ಶುರುವಾಗುತ್ತದೆ. ಕಾರ್ಯಾಂಗ ಬ್ರಿಟನ್ನಿನ ಮಾದರಿಯಲ್ಲಿರಬೇಕೆ, ಅಮೆರಿಕದ ಮಾದರಿಯಲ್ಲಿರಬೇಕೆ, ಸ್ವಿಸ್ ಮಾದರಿಯಲ್ಲಿರಬೇಕೆ ಅಥವಾ ಇನ್ನಾವುದಾದರೂ ಬಗೆಯಲ್ಲಿರಬೇಕೆ ಎಂದು ಕೇಳುತ್ತದೆ. ಪ್ರಶ್ನೆಗಳೊಂದಿಗೆ ಟಿಪ್ಪಣಿಗಳಿವೆ. ಯಾವ ದೇಶ ಏನು ಮಾಡಿದೆ, ಹಾಗೆ ಮಾಡಿದ್ದರಿಂದ ಏನಾಗಿದೆ ಎಂಬ ವಿವರ ಅವುಗಳಲ್ಲಿದೆ. ಸಂಸದೀಯ ಪದ್ಧತಿಯೇ ಬೇಕೆಂಬ ಒಲವು ದೇಶದ ನಾಯಕರಲ್ಲಿ ಬಲವಾಗಿದ್ದ ಹೊತ್ತಿನಲ್ಲೂ ಸ್ವಿಸ್ ಮಾದರಿಗೆ ಒಂದು ಸಾಲು ಕೊಟ್ಟದ್ದನ್ನು ಇಂದಿನ ಓದುಗರು ಔಪಚಾರಿಕತೆ ಎಂದುಕೊಳ್ಳಬಹುದು. ನನಗೆ ಹಾಗೆ ಕಾಣುವುದಿಲ್ಲ. ಆರಿಸುವವರಿಗೆ ತಾವು ಏನನ್ನು ಬಿಟ್ಟೆವು ಎಂಬುದೂ ತಿಳಿದಿರಬೇಕು ಎಂಬ ನಿಷ್ಠುರತೆ ಅದು.

ಅವರಿಗೆ ಸ್ವಂತ ಅಭಿಪ್ರಾಯಗಳೇ ಇರಲಿಲ್ಲವೆಂದು ಇದರಿಂದ ಭಾವಿಸಬಾರದು. ಅದೇ ವರ್ಷದ ಮೇ 30ರ ಜ್ಞಾಪನಪತ್ರದಲ್ಲಿ ಅವರು, ಅಲ್ಪಸಂಖ್ಯಾತರ ರಕ್ಷಣೆಯಂಥ ಕೆಲವು ವಿಷಯಗಳಲ್ಲಿ ರಾಷ್ಟ್ರಪತಿಗೆ ವಿವೇಚನಾಧಿಕಾರ ಕೊಟ್ಟು, ಅದಕ್ಕೆ ಸಲಹೆ ನೀಡಲು ಒಂದು ರಾಜ್ಯ ಮಂಡಳಿ ಇರಲಿ ಎಂದು ಸೂಚಿಸಿದ್ದರು. ಒಕ್ಕೂಟ ಸಂವಿಧಾನ ಸಮಿತಿ ಅದನ್ನು ಒಪ್ಪಲಿಲ್ಲ. ಮಂತ್ರಿಮಂಡಲದ ಹೊರಗೆ ಇನ್ನೊಂದು ಅಧಿಕಾರ ಕೇಂದ್ರ ಬೆಳೆಯುವುದು ಬೇಡವೆಂಬ ಆ ನಿಲುವು ಸರಿಯೆಂದೇ ನನ್ನ ಮತ. ಆದರೆ ರಾಷ್ಟ್ರಪತಿಯ ಅಧಿಕಾರದ ಮಿತಿ ಎಷ್ಟು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನು ಮುಂದಿನ ಚರಿತ್ರೆ ತೋರಿಸಿದೆ.

1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಯಿತು. ಅಕ್ಟೋಬರ್ ಹೊತ್ತಿಗೆ ರಾಯರ ಕರಡು ಸಿದ್ಧವಾಗಿತ್ತು. ಸಮಿತಿಗೆ ನಂತರ ಸೇರಿದ ಎನ್. ಮಾಧವ ರಾಯರು ಮೈಸೂರಿನ ದಿವಾನರಾಗಿದ್ದವರು; ಇಬ್ಬರು ರಾಯರನ್ನೂ ಒಬ್ಬರೆಂದೇ ಬರೆದ ಲೇಖನಗಳಿವೆ, ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ಕರಡನ್ನು ಒಪ್ಪಿಸಿದ ನರಸಿಂಗ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ ಪ್ರವಾಸ ಹೊರಟರು. ಆ ಪ್ರವಾಸದ ಫಲವನ್ನು ಈ ದೇಶದ ಪ್ರತಿಯೊಬ್ಬ ಬಂಧಿತನೂ ಅನುಭವಿಸಿದ್ದಾನೆ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಅವರ ಕರಡಿನಲ್ಲಿ, ಮೂಲಭೂತ ಹಕ್ಕುಗಳ ಬಗ್ಗೆ ಸಭೆ ನೇಮಿಸಿದ್ದ ಸಲಹಾ ಸಮಿತಿಯ ಶಿಫಾರಸಿನಂತೆ, ‘ಡ್ಯೂ ಪ್ರೊಸೆಸ್ ಆಫ್ ಲಾ’, ಅಂದರೆ ಕಾನೂನಿನ ನ್ಯಾಯಯುತ ಪ್ರಕ್ರಿಯೆ, ಇಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂಬ ಅಮೆರಿಕದ ಸೂತ್ರವಿತ್ತು. ಈ ಸೂತ್ರವಿದ್ದರೆ, ಶಾಸನಸಭೆ ಮಾಡಿದ ಕಾನೂನು ತನ್ನಷ್ಟಕ್ಕೆ ನ್ಯಾಯಯುತವೇ ಎಂದು ನ್ಯಾಯಾಧೀಶರು ಕೇಳಬಹುದು. ಅಮೆರಿಕದಲ್ಲಿ ಇದೇ ಅಸ್ತ್ರ ಹಿಡಿದು ಸುಪ್ರೀಂ ಕೋರ್ಟು ದಶಕಗಳ ಕಾಲ ಕಾರ್ಮಿಕರ ದುಡಿಮೆಯ ಅವಧಿ, ಕನಿಷ್ಠ ಕೂಲಿ ಮೊದಲಾದವುಗಳ ಕಾನೂನುಗಳನ್ನು ಉರುಳಿಸಿತ್ತು; 1937ರ ನಂತರವೇ ಅದು ಆ ದಾರಿಯಿಂದ ಹಿಂದೆ ಸರಿದದ್ದು. ಭೂಸುಧಾರಣೆಗೆ ಸಜ್ಜಾಗುತ್ತಿದ್ದ ದೇಶದ ಸಲಹೆಗಾರನಿಗೆ ಇದು ಅಳುಕು ತರುವ ಚರಿತ್ರೆಯೇ. ಪ್ರವಾಸದಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜನಪ್ರತಿನಿಧಿಗಳ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ರದ್ದುಮಾಡುವ ಈ ಅಧಿಕಾರ ಪ್ರಜಾಸತ್ತೆಗೆ ಒಗ್ಗದ್ದು, ಮೇಲಾಗಿ ನ್ಯಾಯಾಂಗದ ಮೇಲೆ ಹೊರಲಾರದ ಹೊರೆ ಎಂದು ಅವರು ಹೇಳಿದ್ದನ್ನು ರಾಯರು ತಮ್ಮ ವರದಿಯಲ್ಲಿ ಬರೆದಿದ್ದಾರೆ. ಇನ್ನೊಬ್ಬ ಪ್ರಸಿದ್ಧ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಇನ್ನೂ ಮುಂದೆ ಹೋಗಿ, ಮೂಲಭೂತ ಹಕ್ಕುಗಳೆಲ್ಲ ಕಾನೂನಿನ ಬೇಡಿಯಾಗದೆ ನೀತಿಬೋಧೆಯಾಗಿ ಉಳಿಯುವುದೇ ಮೇಲು ಎಂದರು. ಸುಪ್ರೀಂ ಕೋರ್ಟು ಯಾವಾಗಲೂ ಪೂರ್ಣಪೀಠವಾಗಿ ಕೂರಬೇಕು ಎಂಬುದೂ ಫ್ರಾಂಕ್‌ಫರ್ಟರ್ ಅವರ ಸಲಹೆಯಾಗಿತ್ತು. ಇಬ್ಬರು ಮೂವರ ಪೀಠಗಳಲ್ಲಿ ಹರಿದು ಹಂಚಿಹೋದ ನಮ್ಮ ಇಂದಿನ ಕೋರ್ಟನ್ನು ನೋಡಿದಾಗ, ಕಿವಿಗೊಡಬೇಕಾಗಿದ್ದ ಸಲಹೆ ಅದೇ ಇರಬೇಕು ಎನಿಸುತ್ತದೆ.

ಕರಡು ಸಮಿತಿ ಆ ಸೂತ್ರವನ್ನು ಕೈಬಿಟ್ಟು, ಜಪಾನಿನ 1946ರ ಸಂವಿಧಾನದ 31ನೆಯ ವಿಧಿಯ ಮಾದರಿಯಲ್ಲಿ, ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆಯಂತೆ ನಡೆದರೆ ಸಾಕು ಎಂಬ ಮಾತನ್ನು ಹಾಕಿತು; ನಮ್ಮ ಈಗಿನ 21ನೆಯ ವಿಧಿಯಲ್ಲಿರುವುದು ಅದೇ. ಸಮಿತಿಯ ಸದಸ್ಯ ಕೆ. ಎಂ. ಮುನ್ಷಿಯವರು ಕೊನೆಯವರೆಗೂ ವಿರೋಧಿಸಿದರು. 1948ರ ಡಿಸೆಂಬರ್‌ನಲ್ಲಿ ಸಭೆಯಲ್ಲಿ ಚರ್ಚೆ ನಡೆದಾಗ ಅಂಬೇಡ್ಕರ್ ಅವರೇ ಎರಡೂ ಕಡೆಯ ಅಪಾಯಗಳನ್ನು ವಿವರಿಸಿ, ತೀರ್ಮಾನವನ್ನು ಸಭೆಗೆ ಬಿಟ್ಟರು. ಸಭೆ ಸಮಿತಿಯ ಪಾಠವನ್ನೇ ಉಳಿಸಿಕೊಂಡಿತು. ಆದರೆ ಅತೃಪ್ತಿ ಎಷ್ಟಿತ್ತೆಂದರೆ ಮರುವರ್ಷ ಅಂಬೇಡ್ಕರ್, ಬಂಧಿತರ ರಕ್ಷಣೆಗಾಗಿ ಈಗಿನ 22ನೆಯ ವಿಧಿಯನ್ನು ತರಬೇಕಾಯಿತು. 1950ರ ಎ. ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಮಾತುಗಳನ್ನು ಅಕ್ಷರಶಃ ಓದಿ, ವಿಚಾರಣೆಯಿಲ್ಲದ ಮುನ್ನೆಚ್ಚರಿಕೆ ಬಂಧನದ ಕಾನೂನನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಅದೇ ಕೋರ್ಟು, ಪ್ರಕ್ರಿಯೆ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕು ಎಂದಾಗ, ಬಾಗಿಲಲ್ಲಿ ತಡೆದದ್ದನ್ನು ಕಿಟಕಿಯಿಂದ ಒಳಗೆ ಬಿಟ್ಟುಕೊಂಡಂತಾಯಿತು.

ಇಲ್ಲಿ ರಾಯರನ್ನು ಹೇಗೆ ನಿರ್ಣಯಿಸಬೇಕು? ಆಸ್ತಿಯ ಭಯದಿಂದ ಜೀವ ಮತ್ತು ಸ್ವಾತಂತ್ರ್ಯದ ಕಾವಲನ್ನು ಸಡಿಲಿಸಿದ್ದು ತಪ್ಪಾಯಿತೆಂದು ನಾನು ಭಾವಿಸುತ್ತೇನೆ. ಸಲಹಾ ಸಮಿತಿಯ ಹಂತದಿಂದಲೇ ಆ ಸೂತ್ರ ಆಸ್ತಿಗೆ ಅನ್ವಯಿಸದಂತೆ ನೋಡಿಕೊಳ್ಳಲಾಗಿತ್ತು. ಹೀಗಿದ್ದ ಮೇಲೆ ಭೂಸುಧಾರಣೆಯ ವಾದಕ್ಕೆ ಬಲ ಕಡಿಮೆ. ಹಾಗೆಂದು ಹೊಣೆಯನ್ನೆಲ್ಲ ಅವರ ತಲೆಗೆ ಕಟ್ಟುವುದೂ ಸರಿಯಲ್ಲ. ಅವರು ವರದಿ ಒಪ್ಪಿಸಿದ್ದರು; ಎರಡೂ ಪಕ್ಷಗಳನ್ನು ಪೂರ್ತಿ ಕೇಳಿ ಮತ ಹಾಕಿದ್ದು ಸಭೆ.

ಅದೇ ಪ್ರವಾಸದಿಂದ ಬಂದ ಮೇಲೆ ಅವರು ಮಾಡಿದ ಇನ್ನೊಂದು ಸೂಚನೆ ಅಷ್ಟು ಪ್ರಸಿದ್ಧವಲ್ಲ. ರಾಜ್ಯ ನೀತಿ ನಿರ್ದೇಶಕ ತತ್ತ್ವಗಳನ್ನು ಜಾರಿಗೆ ತರಲು ಮಾಡಿದ ಕಾನೂನು ಒಂದು ಮೂಲಭೂತ ಹಕ್ಕಿಗೆ ಅಡ್ಡ ಬಂದರೆ, ಆ ಕಾನೂನೇ ನಿಲ್ಲಬೇಕು, ಏಕೆಂದರೆ ವ್ಯಕ್ತಿಯ ಹಕ್ಕಿಗಿಂತ ಸಮುದಾಯದ ಹಿತ ಮೇಲು ಎಂದು ಅವರು ತಿದ್ದುಪಡಿ ಸೂಚಿಸಿದರು. ಕರಡು ಸಮಿತಿ ಸ್ವೀಕರಿಸಲಿಲ್ಲ. 1971ರಲ್ಲಿ 25ನೆಯ ತಿದ್ದುಪಡಿ 31ಸಿ ವಿಧಿಯನ್ನು ತಂದು, ಎರಡು ನಿರ್ದೇಶಕ ತತ್ತ್ವಗಳ ಮಟ್ಟಿಗೆ ಹೆಚ್ಚುಕಡಿಮೆ ಅದೇ ವ್ಯವಸ್ಥೆಯನ್ನು ಮಾಡಿತು. 1976ರ 42ನೆಯ ತಿದ್ದುಪಡಿ ಅದನ್ನು ಎಲ್ಲ ತತ್ತ್ವಗಳಿಗೂ ಚಾಚಿತು. 1980ರ ಮಿನರ್ವಾ ಮಿಲ್ಸ್ ತೀರ್ಪು ಆ ಚಾಚನ್ನು ಕತ್ತರಿಸಿತು. ತುರ್ತು ಪರಿಸ್ಥಿತಿಯ ಕಾಲದ ಮಿತಿಮೀರಿದ ಅಧಿಕಾರದಾಹ ಎಂದು ನಾವು ಪಾಠ ಮಾಡುವ ತಿದ್ದುಪಡಿಯ ಒಂದು ಬೇರು, ಯಾವ ಪಕ್ಷಕ್ಕೂ ಸೇರದ ಒಬ್ಬ ವಿದ್ವಾಂಸನ 1948ರ ಸುಮಾರಿನ ಟಿಪ್ಪಣಿಯಲ್ಲಿದೆ. ತರಗತಿಗಳಲ್ಲಿ ಇದನ್ನು ಹೇಳಿದರೆ ವಿದ್ಯಾರ್ಥಿಗಳಿಗೆ ಸ್ವಲ್ಪ ಇರುಸುಮುರುಸಾಗುತ್ತದೆ, ಆಗಲಿ.

ಬರ್ಮಾ ದೇಶದ ಸಂವಿಧಾನ ರಚನೆಗೂ ಇದೇ ಕಾಲದಲ್ಲಿ ರಾಯರು ನೆರವಾದರು. ನಂತರ ಅವರನ್ನು ವಿಶ್ವಸಂಸ್ಥೆಗೆ ಕಳುಹಿಸಲಾಯಿತು. 1950ರ ಜೂನ್ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ ಸರದಿಯಾಗಿತ್ತು, ಆ ಕುರ್ಚಿಯಲ್ಲಿ ರಾಯರಿದ್ದಾಗಲೇ, 25ರಂದು, ಕೊರಿಯಾ ಯುದ್ಧ ಸ್ಫೋಟಿಸಿತು. ಚೀನಾದ ಪ್ರಾತಿನಿಧ್ಯದ ಪ್ರಶ್ನೆಯ ಮೇಲೆ ಸೋವಿಯತ್ ಒಕ್ಕೂಟ ಮಂಡಳಿಯನ್ನು ಬಹಿಷ್ಕರಿಸಿದ್ದ ಸಮಯವದು. ಅದೇ ವರ್ಷದ ಕೊನೆಗೆ ಕದನವಿರಾಮದ ದಾರಿ ಹುಡುಕಲು ವಿಶ್ವಸಂಸ್ಥೆ ನೇಮಿಸಿದ ಮೂವರ ತಂಡದಲ್ಲಿ ಇರಾನಿನ ನಸ್ರುಲ್ಲಾ ಎಂತೆಝಾಂ ಮತ್ತು ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಂದಿಗೆ ರಾಯರೂ ಇದ್ದರು. ಪ್ರಯತ್ನ ಆಗ ಫಲಿಸಲಿಲ್ಲ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಸ್ಥಾನದಲ್ಲಿ ಎರಡು ವರ್ಷವೂ ತುಂಬುವ ಮುನ್ನ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಅವರ ಟಿಪ್ಪಣಿ, ಜ್ಞಾಪನಪತ್ರ ಮತ್ತು ವರದಿಗಳನ್ನು ತಮ್ಮ ಶಿವ ರಾಯರು ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಬರೆದ ರಾಜೇಂದ್ರ ಪ್ರಸಾದರು, ಸಂವಿಧಾನವನ್ನು ಹಂತಹಂತವಾಗಿ ನಡೆಸಿಕೊಂಡು ಹೋದ ಕುಶಲ ಚಾಲಕರು ಅಂಬೇಡ್ಕರ್ ಆದರೆ, ಅದರ ನಕಾಶೆಯನ್ನು ಕಂಡು ತಳಪಾಯ ಹಾಕಿದವರು ರಾಯರು ಎಂಬರ್ಥದ ಮಾತು ಹೇಳಿದ್ದಾರೆ. ಕಾನೂನು ವಿದ್ಯಾರ್ಥಿಗಳು ಆ ಸಂಪುಟವನ್ನು ಕೈಗೆತ್ತಿಕೊಂಡರೆ ಮುನ್ನುಡಿಯ ಹೊಗಳಿಕೆಯನ್ನು ದಾಟಿ, ಪ್ರವಾಸದ ವರದಿ ಮತ್ತು ಮೇ 30ರ ಜ್ಞಾಪನಪತ್ರಗಳನ್ನು ಇಂದಿನ ಸಂವಿಧಾನದ ಪಠ್ಯದ ಪಕ್ಕದಲ್ಲಿಟ್ಟುಕೊಂಡು ಓದಲಿ. ರಾಷ್ಟ್ರಪತಿ, ಮಂತ್ರಿಮಂಡಲ, 21ನೆಯ ವಿಧಿ, ನಿರ್ದೇಶಕ ತತ್ತ್ವಗಳು ಈ ನಾಲ್ಕರಲ್ಲಿ ಸಭೆ ಎಲ್ಲಿ ಅವರ ಮಾತು ಕೇಳಿತು, ಎಲ್ಲಿ ಕೇಳಲಿಲ್ಲ ಎಂಬುದು ಸಾಲುಸಾಲಾಗಿ ಸಿಗುತ್ತದೆ.